ಸೆಂಟ್ರಲ್ ಕಾಲೇಜ್ ನಿಲ್ದಾಣದ ಮೇಲಿನ ಹೆಸರು

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಕೆ.ಆರ್. ಪುರ, ಇಂದಿರಾನಗರ, ಹಲಸೂರು ಕಡೆಯಿಂದ ನೇರಳೆ ಮಾರ್ಗದ ಮೆಟ್ರೋದಲ್ಲಿ ನಮ್ಮ ಕಾಲೇಜಿಗೆ ಬರುವವರೆಲ್ಲ ಮಹಾತ್ಮ ಗಾಂಧಿ ರಸ್ತೆ ನಿಲ್ದಾಣದಲ್ಲಿ ಇಳಿದುಬಿಡುತ್ತೇವೆ. ಆದ್ದರಿಂದ ಅಲ್ಲಿಂದ ಮುಂದೆ ರೈಲು ಏನು ಮಾಡುತ್ತದೆ ಎಂಬುದನ್ನು ನಮ್ಮಲ್ಲಿ ಅನೇಕರು ಗಮನಿಸಿರುವುದಿಲ್ಲ. ಎಂ.ಜಿ. ರಸ್ತೆ ದಾಟಿದ ಕೂಡಲೇ ಹಳಿ ಇಳಿಜಾರಾಗಿ, ಕ್ರಿಕೆಟ್ ಸ್ಟೇಡಿಯಂ ಬಳಿ ನೆಲದೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಸಾಲಾಗಿ ಐದು ನಿಲ್ದಾಣಗಳು ನೆಲದ ಕೆಳಗೇ ಇವೆ. ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜ್, ಮೆಜೆಸ್ಟಿಕ್, ಸಿಟಿ ರೈಲ್ವೆ ನಿಲ್ದಾಣ. ಪೂರ್ತಿ ಹೆಸರು ಓದಿದರೆ ಐದರಲ್ಲೂ ಒಬ್ಬೊಬ್ಬ ಮನುಷ್ಯರಿದ್ದಾರೆ: ಕಮಿಷನರ್ ಕಬ್ಬನ್, ಡಾ. ಅಂಬೇಡ್ಕರ್, ಸರ್ ಎಂ. ವಿಶ್ವೇಶ್ವರಯ್ಯ, ಕೆಂಪೇಗೌಡ, ಸಂಗೊಳ್ಳಿ ರಾಯಣ್ಣ. ನಾನು ಬರೆಯಹೊರಟಿರುವುದು ಮಧ್ಯದವರ ಬಗ್ಗೆ. ಈ ಐವರಲ್ಲಿ ನೆಲದ ಕೆಳಗಿನ ಕೆಲಸದಲ್ಲಿ ಜೀವನದ ದೊಡ್ಡ ಭಾಗ ಕಳೆದವರು ಅವರೊಬ್ಬರೇ. ಹಾಗಾಗಿ ಭೂಗತ ನಿಲ್ದಾಣವೊಂದಕ್ಕೆ ಅವರ ಹೆಸರು ಬಹಳ ಸರಿಯಾಗಿ ಹೊಂದುತ್ತದೆ ಎಂದು ನನಗನಿಸುತ್ತದೆ.

ಸೆಪ್ಟೆಂಬರ್ 15 ಬಂದರೆ ಪ್ರತಿ ಶಾಲೆಯಲ್ಲೂ ವಿಶ್ವೇಶ್ವರಯ್ಯನವರ ಬಗ್ಗೆ ಭಾಷಣ ಇರುತ್ತದೆ. ಸರ್ಕಾರದ ಮೇಣದಬತ್ತಿ ಆರಿಸಿ ಸ್ವಂತದ ಮೇಣದಬತ್ತಿ ಹಚ್ಚಿದ ಕಥೆ, ರೈಲಿನ ಸದ್ದು ಕೇಳಿಯೇ ಹಳಿ ಮುರಿದಿದೆ ಎಂದು ಹೇಳಿದ ಕಥೆ, ಎರಡನ್ನೂ ನಾವು ಒಂದನೇ ತರಗತಿಯಿಂದ ಕೇಳಿದ್ದೇವೆ. ಅವೆರಡನ್ನೂ ಇಲ್ಲಿ ಬಿಡುತ್ತೇನೆ. ಆ ಕಥೆಗಳ ಗದ್ದಲದಲ್ಲಿ ಅವರು ನಿಜವಾಗಿ ಏನು ಮಾಡಿದರು ಎಂಬುದು ಕೇಳಿಸುವುದೇ ಇಲ್ಲ.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಕೆಲವು ಪುಸ್ತಕಗಳು 1860 ಎನ್ನುತ್ತವೆ, ಕೆಲವು 1861. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಹೆಸರಿನ ಮೊದಲಿರುವ ಮೋಕ್ಷಗುಂಡಂ ಈಗಿನ ಆಂಧ್ರದಲ್ಲಿರುವ ಊರು. ಹಿರಿಯರು ಅಲ್ಲಿಂದ ವಲಸೆ ಬಂದವರು. ಮನೆಯ ಮಾತು ತೆಲುಗು. ಇದನ್ನು ಓದಿದಾಗ ನನಗೆ ಖುಷಿಯಾಯಿತು ಎಂದು ಒಪ್ಪಿಕೊಳ್ಳಬೇಕು. ಮನೆಯಲ್ಲಿ ಉರ್ದು ಮಾತಾಡಿ, ಬಸ್ಸಿನಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಎಂದು ದಿನಕ್ಕೆ ಮೂರು ಸಲ ನಾಲಿಗೆ ಬದಲಿಸುವ ನಮ್ಮಂಥವರಿಗೆ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಲು ಒತ್ತಾಸೆಯಾಗಿ ನಿಂತ ದಿವಾನರ ಮನೆಮಾತು ಕನ್ನಡವಲ್ಲ ಎಂಬುದು ಸಣ್ಣ ವಿಷಯವಲ್ಲ.

ಹೈಸ್ಕೂಲು ಮುಗಿಯುವ ಮೊದಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ಆಸರೆಯಲ್ಲಿ ಹುಡುಗ ಓದು ಮುಂದುವರಿಸಿ ಸೆಂಟ್ರಲ್ ಕಾಲೇಜು ಸೇರಿದರು. ಕೈಯಲ್ಲಿ ದುಡ್ಡಿಲ್ಲ. ಕೊಡಗಿನ ಒಂದು ಮನೆತನದ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚು ನೋಡಿಕೊಂಡರು. ನಮ್ಮ ತರಗತಿಯಲ್ಲೂ ಸಂಜೆ ಟ್ಯೂಷನ್ ಹೇಳಿ ಫೀಸು ಹೊಂದಿಸುವವರು ಇದ್ದಾರೆ. ಅವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಬಿ.ಎ. ಮುಗಿದ ಮೇಲೆ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಲು ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ಈ ವಿದ್ಯಾರ್ಥಿವೇತನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂತು, 1884ರಲ್ಲಿ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಕೆಲಸ ಸಿಕ್ಕಿತು.

ಅವರ ಹೆಸರು ಕೇಳಿದರೆ ನಮ್ಮ ಕಣ್ಣಮುಂದೆ ಕನ್ನಂಬಾಡಿ ಕಟ್ಟೆ ಬರುತ್ತದೆ. ಆದರೆ ಮೊದಲ ಇಪ್ಪತ್ತೈದು ವರ್ಷ ಅವರು ಮಾಡಿದ ಕೆಲಸದಲ್ಲಿ ಹೆಚ್ಚಿನದು ಕಣ್ಣಿಗೆ ಕಾಣುವಂಥದ್ದೇ ಅಲ್ಲ: ಕುಡಿಯುವ ನೀರಿನ ಕೊಳವೆ, ಒಳಚರಂಡಿ, ಬಾವಿ. ಈಗ ಪಾಕಿಸ್ತಾನದಲ್ಲಿರುವ ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ 1894–95ರಲ್ಲಿ ನೀರು ಕೊಡುವ ಹೊಣೆ ಅವರ ಮೇಲೆ ಬಿತ್ತು. ಪಕ್ಕದಲ್ಲೇ ಸಿಂಧೂ ನದಿ ಇದೆ, ಆದರೆ ನೀರು ಕೆಸರು. ಶೋಧಿಸುವ ತೊಟ್ಟಿಗಳನ್ನು ಕಟ್ಟಲು ಊರಿನ ಬಳಿ ಹಣವಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಜಿನುಗಿ ಬಾವಿಗೆ ಬರುವ ನೀರು ತಾನಾಗಿಯೇ ತಿಳಿಯಾಗಿರುತ್ತದೆ. ಬಾವಿಯಿಂದ ನೆಲದಡಿಯ ಸುರಂಗದ ಮೂಲಕ ಅದನ್ನು ದಡಕ್ಕೆ ತಂದು, ಪಂಪಿನಿಂದ ಎತ್ತರದ ತೊಟ್ಟಿಗೆ ಏರಿಸಿದರು. ಮರಳು ಮಾಡುವ ಕೆಲಸವನ್ನು ಮರಳಿಗೇ ಬಿಟ್ಟದ್ದರಿಂದ ಶೋಧನೆಯ ಖರ್ಚು ಉಳಿಯಿತು. ಕಾಸ್ಟ್ ಅಕೌಂಟಿಂಗ್ ಓದುವವರು ಇದನ್ನು ಮೆಚ್ಚಬೇಕು.

1906ರಲ್ಲಿ ಏಡನ್‌ಗೆ ಕಳಿಸಿದರು. ಬೊಂಬಾಯಿಯಿಂದ ಜೆದ್ದಾಕ್ಕೆ ಹೋಗುವ ಹಜ್ ಹಡಗುಗಳು ಹಾಯುತ್ತಿದ್ದ ಬಂದರು ಅದು. ಮಳೆಯೇ ಇಲ್ಲದ ಆ ಊರಿನ ನೀರಿನ ತಾಪತ್ರಯಕ್ಕೆ, ಉತ್ತರಕ್ಕೆ ಲಹೇಜ್ ಕಡೆಯ ಒಣ ನದಿಯ ಮರಳಿನೊಳಗೆ ನೀರಿದೆ, ಅಲ್ಲಿ ಬಾವಿ ತೋಡಿ ತರಬಹುದು ಎಂದು ತೋರಿಸಿಕೊಟ್ಟರು. ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ನೀರು ಏರಿದಾಗ ತಾವೇ ತೆರೆದು, ಇಳಿದಾಗ ತಾವೇ ಮುಚ್ಚಿಕೊಳ್ಳುವ ಗೇಟುಗಳನ್ನು ಇಡಿಸಿದ್ದು ಅದಕ್ಕೂ ಮುಂಚೆ, 1903ರಲ್ಲಿ. ಅದರ ಬಗ್ಗೆ ವಿಜ್ಞಾನ ವಿಭಾಗದ ಗೆಳೆಯರು ನನಗಿಂತ ಚೆನ್ನಾಗಿ ಬರೆಯಬಲ್ಲರು.

ನಾನು ನಿಲ್ಲಬೇಕೆಂದಿರುವುದು ಹೈದರಾಬಾದಿನಲ್ಲಿ. ನಮ್ಮ ಖಾಲಾ ಮನೆ ಅಲ್ಲಿದೆ. ಗಂಡಿಪೇಟೆಯ ನೀರು ಕುಡಿದವನು ಹೈದರಾಬಾದಿಗೆ ಮತ್ತೆ ಬಂದೇ ಬರುತ್ತಾನೆ ಎಂಬ ಮಾತನ್ನು ಪ್ರತಿ ರಜೆಯಲ್ಲೂ ಖಾಲೂ ಹೇಳುತ್ತಾರೆ. ಆ ಗಂಡಿಪೇಟೆ ಕೆರೆ, ಅಂದರೆ ಉಸ್ಮಾನ್ ಸಾಗರ, ಎಲ್ಲಿಂದ ಬಂತು ಎಂಬುದು ಹೀಗಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರದೊಳಗೆ ನುಗ್ಗಿತು. ಸಾವಿರಾರು ಜನ ಸತ್ತರು. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಮರವನ್ನು ಹತ್ತಿ ಕುಳಿತವರಲ್ಲಿ ನೂರಕ್ಕೂ ಹೆಚ್ಚು ಜನ ಬದುಕಿಕೊಂಡರು. ಉರ್ದು ರುಬಾಯಿಗಳಿಗೆ ಹೆಸರಾದ ಅಮ್ಜದ್ ಹೈದರಾಬಾದಿ ಆ ದಿನ ತಾಯಿ, ಹೆಂಡತಿ, ಮಗಳು ಮೂವರನ್ನೂ ಕಳೆದುಕೊಂಡು ಒಬ್ಬರೇ ಉಳಿದರು. ನಮ್ಮ ಉರ್ದು ಮೇಷ್ಟ್ರು ಅವರ ಹೆಸರು ತೆಗೆದಾಗಲೆಲ್ಲ ಈ ಪ್ರವಾಹವನ್ನು ಹೇಳದೆ ಬಿಡುವುದಿಲ್ಲ.

ಆಗ ನಿಜಾಮರು ಮೀರ್ ಮಹಬೂಬ್ ಅಲಿ ಖಾನ್. ಬೊಂಬಾಯಿಯ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ಹೈದರಾಬಾದ್ ಸರ್ಕಾರದಿಂದ ಕರೆ ಹೋಯಿತು. 1909ರಲ್ಲಿ ಬಂದರು. ಮಳೆಯ ಲೆಕ್ಕ, ನದಿಗೆ ನೀರು ಬರುವ ಪ್ರದೇಶದ ಲೆಕ್ಕ, ಮೇಲೆ ಒಡೆದುಹೋದ ಕೆರೆಗಳ ಲೆಕ್ಕ ಎಲ್ಲ ಹಾಕಿ, ನಗರದೊಳಗೆ ಗೋಡೆ ಕಟ್ಟಿದರೆ ಸಾಲದು, ನೀರನ್ನು ನಗರದ ಮೇಲ್ಗಡೆಯೇ ತಡೆದು ನಿಲ್ಲಿಸಬೇಕು ಎಂಬ ತೀರ್ಮಾನಕ್ಕೆ ಬಂದರು. ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು ಜಲಾಶಯ. 1920ರಲ್ಲಿ ಮುಗಿದದ್ದು ಉಸ್ಮಾನ್ ಸಾಗರ, 1927ರಲ್ಲಿ ಮುಗಿದದ್ದು ಹಿಮಾಯತ್ ಸಾಗರ. ಕಟ್ಟುವ ಕೆಲಸದಲ್ಲಿ ನವಾಬ್ ಅಲಿ ನವಾಜ್ ಜಂಗ್ ಅವರಂಥ ಹೈದರಾಬಾದಿನ ಇಂಜಿನಿಯರುಗಳ ಪಾಲು ದೊಡ್ಡದು. ಅವರ ಹೆಸರನ್ನು ಸೆಪ್ಟೆಂಬರ್ 15ರ ಭಾಷಣಗಳಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಪ್ರವಾಹ ತಡೆಯಲು ಕಟ್ಟಿದ ಅದೇ ಕೆರೆಗಳು ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಆ ಊರಿನ ಒಳಚರಂಡಿಯ ಯೋಜನೆಯನ್ನೂ ವಿಶ್ವೇಶ್ವರಯ್ಯನವರೇ ಮಾಡಿಕೊಟ್ಟರು. ಮುಸ್ಲಿಂ ದೊರೆಯ ಊರಿಗೆ ಮೈಸೂರಿನ ಬ್ರಾಹ್ಮಣ ಇಂಜಿನಿಯರ್ ಬಂದದ್ದನ್ನು ಆಗ ಯಾರೂ ವಿಶೇಷವೆಂದು ನೋಡಿದಂತೆ ಕಾಣುವುದಿಲ್ಲ. ನೀರು ಮನೆಯೊಳಗೆ ಬಂದ ಮೇಲೆ ಬೇಕಾದದ್ದು ಲೆಕ್ಕ ಬಲ್ಲ ಮನುಷ್ಯ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1898ರಲ್ಲಿ, ಇನ್ನೂ ಬೊಂಬಾಯಿ ನೌಕರಿಯಲ್ಲಿದ್ದಾಗ, ಅವರು ರಜೆ ಪಡೆದು ಜಪಾನ್ ನೋಡಲು ಹೋದರು. ಬೆಂಗಳೂರಿಗೆ ಪ್ಲೇಗ್ ಬಂದ ವರ್ಷ ಅದು. ಆಗಿನ ಕಾಲದಲ್ಲಿ ದೊಡ್ಡ ಸಂಬಳದವರು ಹೋಗುತ್ತಿದ್ದುದು ಲಂಡನ್ನಿಗೆ. ಇವರಿಗೆ ಮಾತ್ರ ನಮ್ಮಂತೆಯೇ ಏಷ್ಯಾದ ದೇಶವೊಂದು ಮೂವತ್ತು ವರ್ಷದಲ್ಲಿ ಹೇಗೆ ಮೇಲೆ ಬಂತು ಎಂಬುದನ್ನು ಕಣ್ಣಾರೆ ನೋಡಬೇಕಿತ್ತು. ಎಲ್ಲ ಮಕ್ಕಳೂ ಶಾಲೆಗೆ ಹೋಗುತ್ತಾರೆ, ಜೊತೆಗೆ ಕಾರ್ಖಾನೆ ಇದೆ, ಬ್ಯಾಂಕು ಇದೆ, ಎಲ್ಲದರ ಅಂಕಿಅಂಶ ಇದೆ ಎಂಬುದು ಅವರ ತಲೆಯಲ್ಲಿ ಕೂತಿತು. 1920ರಲ್ಲಿ ಅವರು ಬರೆದ ಭಾರತದ ಪುನರ್ನಿರ್ಮಾಣದ ಪುಸ್ತಕದಲ್ಲಿ ಜಪಾನಿನ ಹೋಲಿಕೆ ಮತ್ತೆ ಮತ್ತೆ ಬರುತ್ತದೆ.

ಅವರು ಹೋದಾಗ ಜಪಾನಿನಲ್ಲೂ ಭೂಗತ ರೈಲು ಇರಲಿಲ್ಲ. ಹಾಯಕಾವಾ ನೊರಿತ್ಸುಗು ಎಂಬ ಉದ್ಯಮಿ ಲಂಡನ್ನಿನ ಸುರಂಗ ರೈಲು ನೋಡಿ ಬಂದು, ಟೋಕಿಯೋದ ಮೆತ್ತನೆಯ ನೆಲದಲ್ಲಿ ಅದು ಆಗದ ಕೆಲಸ ಎಂದವರ ಮಧ್ಯೆ ಬಂಡವಾಳ ಹೊಂದಿಸಿ, 1927ರ ಡಿಸೆಂಬರ್ 30ರಂದು ಉಯೆನೋದಿಂದ ಅಸಾಕುಸಾವರೆಗೆ ಮೊದಲ ಮಾರ್ಗ ತೆರೆದ. ಉದ್ದ 2.2 ಕಿಲೋಮೀಟರ್ ಮಾತ್ರ. ಒಸಾಕಾ ನಗರದ್ದು 1933ರಲ್ಲಿ ಬಂತು. ನಮ್ಮ ಬೆಂಗಳೂರಿನ ತೊಂದರೆ ಬೇರೆಯದು. ಇಲ್ಲಿ ಒಂದು ಅಡಿ ಮಣ್ಣು, ಮುಂದಿನ ಅಡಿ ಕಲ್ಲುಬಂಡೆ. ಹೆಲೆನ್, ಮಾರ್ಗರಿಟಾ ಎಂದು ಹೆಸರಿಟ್ಟ ಕೊರೆಯುವ ಯಂತ್ರಗಳು ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ ಕಡೆಯ ಸುರಂಗದಲ್ಲಿ ವರ್ಷಗಟ್ಟಲೆ ಹೆಣಗಿದವು. 2016ರ ಏಪ್ರಿಲ್ ಕೊನೆಗೆ ಈ ಸುರಂಗ ಮಾರ್ಗ ತೆರೆದಾಗ ದಕ್ಷಿಣ ಭಾರತದಲ್ಲಿ ಅದೇ ಮೊದಲನೆಯದು. ನಮ್ಮ ಬೀದಿಗಳ ಕೆಳಗೇ, ಕಂಟೋನ್ಮೆಂಟ್‌ನಿಂದ ಶಿವಾಜಿನಗರಕ್ಕೆ ಗುಲಾಬಿ ಮಾರ್ಗದ ಸುರಂಗ ಕೊರೆದ ಊರ್ಜಾ ಯಂತ್ರ 2021ರ ಸೆಪ್ಟೆಂಬರ್‌ನಲ್ಲಿ ಹೊರಬಂದದ್ದನ್ನು ನಮ್ಮಲ್ಲಿ ಕೆಲವರು ಟಿವಿಯಲ್ಲಿ ನೋಡಿದ್ದೇವೆ. ನಮ್ಮ ಮೆಟ್ರೋ ಕಟ್ಟಲು ಸಾಲ ಕೊಟ್ಟವರಲ್ಲಿ ಜಪಾನ್ ಸರ್ಕಾರದ ಸಂಸ್ಥೆ ಜೈಕಾ ಕೂಡ ಒಂದು. ಕಲಿಯಲು ಜಪಾನಿಗೆ ಹೋದವರ ಹೆಸರಿನ ನಿಲ್ದಾಣಕ್ಕೆ ಜಪಾನಿನ ಯೆನ್ ಬಂದಿದೆ ಎಂದರೆ ಲೆಕ್ಕ ಒಂದು ಸುತ್ತು ಬಂದಂತೆಯೇ.

1909ರ ಕೊನೆಗೆ ಅವರು ಮೈಸೂರಿನ ಮುಖ್ಯ ಇಂಜಿನಿಯರ್ ಆದರು. ಕನ್ನಂಬಾಡಿಯ ಕೆಲಸ 1911ರಲ್ಲಿ ಆರಂಭವಾಯಿತು. ಅದರ ವಿವರ ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಪಠ್ಯಪುಸ್ತಕದಲ್ಲಿ ಕಡಿಮೆ ಇರುವ ಒಂದು ವಿಷಯ ಹೇಳುತ್ತೇನೆ. ಕಟ್ಟೆಯ ಕೆಲಸಕ್ಕೆ ನೆಲ ತೋಡುವಾಗ ಪಾರ್ಸಿ ಭಾಷೆಯ ಒಂದು ಕಲ್ಲು ಶಾಸನ ಸಿಕ್ಕಿತು. 1794ರಲ್ಲಿ ಟಿಪ್ಪು ಸುಲ್ತಾನರು ಕಾವೇರಿಗೆ ಅಡ್ಡಲಾಗಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದ ವಿಷಯ ಅದರಲ್ಲಿದೆ. ಹೊಸದಾಗಿ ಭೂಮಿ ಸಾಗುವಳಿ ಮಾಡಿದವರಿಗೆ ಕಂದಾಯದಲ್ಲಿ ರಿಯಾಯಿತಿ ಎಂದೂ ಇದೆ. ಆ ಕಟ್ಟೆ ಆಗಲಿಲ್ಲ. ಐದು ವರ್ಷದಲ್ಲಿ ಸುಲ್ತಾನರೇ ಇರಲಿಲ್ಲ. ಕಲ್ಲನ್ನು ಯಾರೂ ಒಡೆದು ಪಾಯಕ್ಕೆ ಹಾಕಲಿಲ್ಲ, ಅಣೆಕಟ್ಟೆಯ ಬಳಿಯೇ ಕಾಣುವಂತೆ ನಿಲ್ಲಿಸಿದರು. ಮನೆಯವರ ಜೊತೆ ಬೃಂದಾವನಕ್ಕೆ ಹೋದಾಗ ನಾನು ಅದರ ಮುಂದೆ ನಿಂತು ಓದಲು ನೋಡಿದೆ. ಲಿಪಿ ಉರ್ದುವಿನದೇ ಆದ್ದರಿಂದ ಅಕ್ಷರ ಕೂಡುತ್ತದೆ, ಅರ್ಥ ಅಲ್ಲಲ್ಲಿ ಮಾತ್ರ ಹಿಡಿಯುತ್ತದೆ. ದಾದಿ ಪಕ್ಕದಲ್ಲಿದ್ದರೆ ಇನ್ನೂ ಸ್ವಲ್ಪ ಹಿಡಿಯುತ್ತಿತ್ತು, ಅವರು ಕಾರಂಜಿ ನೋಡಲು ಮುಂದೆ ಹೋಗಿಬಿಟ್ಟಿದ್ದರು. ಆ ಬೃಂದಾವನ ಉದ್ಯಾನ ಆಮೇಲೆ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ್ದು. ಹೀಗೆ ಒಂದೇ ಜಾಗದಲ್ಲಿ ಮೂವರ ಕೆಲಸ ಇದೆ.

1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವಿಶ್ವೇಶ್ವರಯ್ಯನವರನ್ನು ದಿವಾನರನ್ನಾಗಿ ಮಾಡಿದರು. ನಮ್ಮ ವಾಣಿಜ್ಯ ವಿಭಾಗದವರಿಗೆ ಮುಖ್ಯವಾದ ಆರು ವರ್ಷಗಳು ಇವು. 1913ರಲ್ಲಿ ಬ್ಯಾಂಕ್ ಆಫ್ ಮೈಸೂರ್. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ, ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ. 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಮೊದಲ ಮಹಾಯುದ್ಧ ಬಂದು ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧ ಇಲ್ಲೇ ರಾಶಿ ಬಿದ್ದಾಗ, ಕೊಳ್ಳುವವರಿಗಾಗಿ ಕಾಯದೆ ಎಣ್ಣೆಯನ್ನು ನಾವೇ ತೆಗೆಯೋಣ ಎಂದು 1916ರಲ್ಲಿ ಕಾರ್ಖಾನೆ ಮಾಡಿದರು, ಅದರ ಹಿಂದೆಯೇ ಸಾಬೂನು ಬಂತು. ಕಚ್ಚಾ ಮಾಲು ಮಾರುವವನಿಗಿಂತ ಸಿದ್ಧ ಮಾಲು ಮಾರುವವನಿಗೆ ಲಾಭ ಹೆಚ್ಚು ಎಂದು ನಮ್ಮ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಇರುವುದನ್ನು ಮೈಸೂರು ಸ್ಯಾಂಡಲ್ ಸಾಬೂನಿನ ಪೊಟ್ಟಣ ಬಿಚ್ಚಿದಾಗಲೆಲ್ಲ ಮೂಸಿ ನೋಡಬಹುದು.

ಬ್ಯಾಂಕಿನ ಬಗ್ಗೆ ಇನ್ನೆರಡು ಮಾತು. ಅದು 1960ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಆಯಿತು, 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ನಮ್ಮ ದಾದಾ ಶಿವಾಜಿನಗರದಲ್ಲಿ ಹಳೆಯ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾಗ ಅವರ ಖಾತೆ ಇದ್ದದ್ದು ಆ ಬ್ಯಾಂಕಿನಲ್ಲೇ. ಪಾಸ್‌ಬುಕ್ ಇನ್ನೂ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಬಡ್ಡಿ ತೆಗೆದುಕೊಳ್ಳಬೇಕೇ ಬೇಡವೇ ಎಂಬುದು ನಮ್ಮ ಮನೆಯಲ್ಲಿ ಬೇರೆಯೇ ಚರ್ಚೆ, ಅದನ್ನು ಇಲ್ಲಿಗೆ ತರುವುದಿಲ್ಲ. ಆದರೆ ಸಣ್ಣ ವ್ಯಾಪಾರಿ ತನ್ನ ಹಣವನ್ನು ಭಯವಿಲ್ಲದೆ ಇಡಲು ಒಂದು ಜಾಗ ಬೇಕು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ.

ಇನ್ನೊಂದು ವಿಚಿತ್ರ: ಅವರು ದಿವಾನರಾಗಿದ್ದಾಗ ನಮ್ಮ ಈ ಕಡೆಗೆ ಅವರ ಅಧಿಕಾರ ನಡೆಯುತ್ತಿರಲಿಲ್ಲ. ಕಬ್ಬನ್ ಪಾರ್ಕಿನ ಪೂರ್ವಕ್ಕೆ ಇದ್ದದ್ದೆಲ್ಲ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಆಗ ಬ್ಲ್ಯಾಕ್‌ಪಳ್ಳಿ ಎನ್ನುತ್ತಿದ್ದ ಶಿವಾಜಿನಗರ, ಹಲಸೂರು, ಫ್ರೇಜರ್ ಟೌನ್ ಎಲ್ಲ ಬ್ರಿಟಿಷರ ಆಡಳಿತದಲ್ಲಿದ್ದವು. ಪಾರ್ಕಿನ ಆಚೆ ಮೈಸೂರು ಸಂಸ್ಥಾನ. 1947ರ ಜುಲೈನಲ್ಲಿ ಮಾತ್ರ ಈ ಭಾಗ ಮೈಸೂರಿಗೆ ಮರಳಿತು. ಈಗ ರೈಲು ಎಂ.ಜಿ. ರಸ್ತೆ ದಾಟಿ ನೆಲದೊಳಗೆ ಇಳಿಯುವುದು ಸುಮಾರಾಗಿ ಅದೇ ಹಳೆಯ ಗಡಿಯ ಹತ್ತಿರ. ಆ ಕಾಲದಲ್ಲಿ ದಿವಾನರ ಶಾಲೆ, ದಿವಾನರ ನೌಕರಿ ಎಂದರೆ ನಮ್ಮ ಮುತ್ತಜ್ಜನವರಿಗೆ ಪಾರ್ಕಿನ ಆಚೆಯ ಮಾತು.

ಆದರೆ ಆಚೆಯೂ ಮುಸ್ಲಿಮರಿದ್ದರು, ಒಕ್ಕಲಿಗರು, ಲಿಂಗಾಯತರು, ಕುರುಬರು, ಇನ್ನೂ ಅನೇಕರಿದ್ದರು. ಸರ್ಕಾರಿ ಕಚೇರಿಗಳಲ್ಲಿ ಮಾತ್ರ ಅವರು ಬಹಳ ಕಡಿಮೆ. ಇಲ್ಲಿಂದ ಮುಂದಿನ ಭಾಗವೇ ನಾನು ಈ ಲೇಖನ ಬರೆಯಲು ಕಾರಣ. ಹುದ್ದೆಗಳಲ್ಲಿ ಹೆಚ್ಚಿನವು ಬ್ರಾಹ್ಮಣರ ಕೈಯಲ್ಲಿದ್ದವು, ಏಕೆಂದರೆ ಓದಿದವರು ಅವರೇ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಎಂಬ ಸಂಘ ಹುಟ್ಟಿತು. ಉಳಿದ ಸಮುದಾಯಗಳಿಗೂ ನೌಕರಿಯಲ್ಲಿ ಪಾಲು ಬೇಕೆಂದು ಮಹಾರಾಜರ ಬಳಿ ಹೋಯಿತು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಗುಲಾಂ ಅಹಮದ್ ಕಲಾಮಿ ಎಂಬ ಮುಸ್ಲಿಂ ಸದಸ್ಯರೂ ಅದರಲ್ಲಿದ್ದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಹುದ್ದೆಯನ್ನು ಯೋಗ್ಯತೆ ನೋಡಿ ಕೊಡಬೇಕು, ಹಿಂದುಳಿದವರಿಗೆ ಮೊದಲು ಶಾಲೆ ಕೊಡಬೇಕು, ಇಲ್ಲದಿದ್ದರೆ ಆಡಳಿತದ ಗುಣಮಟ್ಟ ಕುಸಿಯುತ್ತದೆ ಎಂಬುದು ಅವರ ನಿಲುವು. ಮಹಾರಾಜರು ಹಿಂದೆ ಸರಿಯಲಿಲ್ಲ. ದಿವಾನರು ಆ ವರ್ಷದ ಕೊನೆಯಲ್ಲಿ ಅಧಿಕಾರ ಬಿಟ್ಟು ಹೊರಟರು. 1919ರಲ್ಲಿ ವರದಿ ಬಂತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗಬೇಕು. ಹಿಂದುಳಿದವರ ಆ ಪಟ್ಟಿಯಲ್ಲಿ ಮುಸ್ಲಿಮರೂ ಇದ್ದರು.

ಅಡ್ಮಿಷನ್ ಫಾರ್ಮಿನಲ್ಲಿ 2ಬಿ ಎಂದು ತುಂಬುವ ನಮಗೆ ಇದು ನೂರು ವರ್ಷ ಹಿಂದಿನ ಕಥೆಯಲ್ಲ. ನನ್ನ ಅಕ್ಕ ಇಂಜಿನಿಯರಿಂಗ್ ಓದುತ್ತಿರುವುದು ಆ ಸೀಟಿನಲ್ಲಿ. ನಮ್ಮ ವಂಶದಲ್ಲಿ ಅಲ್ಲಿಯವರೆಗೆ ಹೋದ ಮೊದಲ ಹುಡುಗಿ ಅವಳು, ಮೊದಲ ವ್ಯಕ್ತಿಯೂ ಅವಳೇ. ವಿಶ್ವೇಶ್ವರಯ್ಯನವರ ಹೆಸರಿನ ವಿಶ್ವವಿದ್ಯಾಲಯದಿಂದಲೇ ಅವಳಿಗೆ ಪದವಿ ಬರುತ್ತದೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟುಕೊಂಡು ನಾನು ಬಹಳ ದಿನ ಯೋಚಿಸಿದ್ದೇನೆ.

ನನಗನಿಸುವುದು ಇಷ್ಟು. ಪುಣೆಗೆ ಹೋಗಲು ಅವರಿಗೆ ಸರ್ಕಾರದ ವಿದ್ಯಾರ್ಥಿವೇತನ ಬೇಕಾಯಿತು. ಬುದ್ಧಿ ಅವರದೇ, ಅದರಲ್ಲಿ ಸಂಶಯವಿಲ್ಲ, ಆದರೆ ದಾರಿಖರ್ಚು ಕೊಟ್ಟದ್ದು ಬೇರೆಯವರು. ಅದಕ್ಕೂ ಮೊದಲು, ತಂದೆ ಇಲ್ಲದಿದ್ದರೂ, ಓದು ಎಂದರೇನೆಂದು ಬಲ್ಲ ಮನೆ ಅವರಿಗಿತ್ತು, ಬೆಂಗಳೂರಿನಲ್ಲಿ ಸೋದರಮಾವನ ಮನೆ ಇತ್ತು. ಅಷ್ಟೂ ಇಲ್ಲದವರ ಮಗನನ್ನು ಅದೇ ತಕ್ಕಡಿಯಲ್ಲಿ ತೂಗಿದರೆ ತೂಕ ಸರಿ ಬರುವುದಿಲ್ಲ. ಈ ವಿಷಯದಲ್ಲಿ ಮಹಾರಾಜರದೇ ಸರಿ ಎಂದು ನನ್ನ ಅಭಿಪ್ರಾಯ. ಆದರೆ ವಿಶ್ವೇಶ್ವರಯ್ಯನವರನ್ನು ನಮ್ಮ ವಿರೋಧಿ ಎಂದು ಕರೆಯಲು ಮನಸ್ಸು ಬರುವುದಿಲ್ಲ. ಮೈಸೂರಿನಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ 1913ರಲ್ಲಿ ಕಾನೂನು ಬಂದದ್ದು ಅವರ ಕಾಲದಲ್ಲಿ. ಶಾಲೆ ಮೊದಲು ಎಂದವರು ಶಾಲೆಯನ್ನು ಕಟ್ಟಿಸಿದರೂ ಹೌದು. ಬರೀ ಮಾತಾಡಿ ಸುಮ್ಮನಾಗಲಿಲ್ಲ. ಆ ಶಾಲೆಗಳಿಲ್ಲದೆ ಮಿಲ್ಲರ್ ಸಮಿತಿಯ ಹುದ್ದೆಗಳಿಗೆ ಅರ್ಜಿ ಹಾಕುವವರು ಎಲ್ಲಿಂದ ಬರುತ್ತಿದ್ದರು? ನಮ್ಮ ಅರ್ಥಶಾಸ್ತ್ರದ ಉಪನ್ಯಾಸಕರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಅವರ ಪ್ರಕಾರ ಶಾಲೆ ಮತ್ತು ಹುದ್ದೆ ಒಟ್ಟಿಗೇ ಬರಬೇಕು, ಕೆಲಸದ ಆಸೆ ಇಲ್ಲದೆ ಬಡವರು ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ. ಅದೂ ನಿಜವೇ ಇರಬೇಕು.

ದಿವಾನಗಿರಿ ಬಿಟ್ಟ ಮೇಲೆ ಅವರು ಕೋಪದಿಂದ ದೂರ ಕೂರಲಿಲ್ಲ. ತಾವೇ ಯೋಜಿಸಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ನಷ್ಟದಲ್ಲಿ ಒದ್ದಾಡುತ್ತಿದ್ದಾಗ, ಅದೇ ಮಹಾರಾಜರ ಸರ್ಕಾರ ಕರೆಯಿತು, ಹೋದರು, 1929ರವರೆಗೆ ಅಧ್ಯಕ್ಷರಾಗಿ ಅದನ್ನು ನಡೆಸಿದರು. ಆ ಕೆಲಸದ ಸಂಬಳದ ಹಣವನ್ನು ಕುಶಲಕರ್ಮಿಗಳಿಗೆ ತರಬೇತಿ ಕೊಡುವ ಸಂಸ್ಥೆಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಬೆಳೆದದ್ದು ಹಾಗೆ. ಅದಕ್ಕೆ ತಮ್ಮ ಹೆಸರು ಇಡಲು ಬಿಡಲಿಲ್ಲ. ನಮ್ಮ ಕಾಲೇಜಿನಿಂದ ಪಾಲಿಟೆಕ್ನಿಕ್‌ಗೆ ಹೋದ ಹಿರಿಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಅವರಿಗೂ ಗೊತ್ತಿರಲಿ. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು. ಪಂಚವಾರ್ಷಿಕ ಯೋಜನೆ ಬರಲು ಆಗ ಇನ್ನೂ ಹದಿನೇಳು ವರ್ಷ ಇತ್ತು. ಮೋಟಾರು ಕಾರ್ಖಾನೆಗಾಗಿ ಓಡಾಡಿದರು, ಅದು ಅವರಂದುಕೊಂಡಂತೆ ಆಗಲಿಲ್ಲ. ತೊಂಬತ್ತು ದಾಟಿದ ಮೇಲೆ ಬಿಹಾರದ ಮೊಕಾಮಾದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ಸಲಹೆ ಕೊಡಲು ಹೋದರು. ಆ ಸೇತುವೆ 1959ರಲ್ಲಿ ತೆರೆಯಿತು. 1955ರಲ್ಲಿ ಭಾರತರತ್ನ ಬಂದಿತ್ತು.

1960ರ ಸೆಪ್ಟೆಂಬರ್ 15ರಂದು ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು. ಬದುಕಿರುವವರ ಚಿತ್ರ ಅಂಚೆಚೀಟಿಯ ಮೇಲೆ ಬರುವುದು ಬಹಳ ಅಪರೂಪ. ಅವರು ಅದನ್ನು ಕೈಯಲ್ಲಿ ಹಿಡಿದು ನೋಡುವಷ್ಟು ಕಾಲ ಇದ್ದರು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಅಂತ್ಯಕ್ರಿಯೆ ನಡೆದದ್ದು ಮುದ್ದೇನಹಳ್ಳಿಯಲ್ಲಿ, ಸಮಾಧಿಯೂ ಅಲ್ಲೇ ಇದೆ. ಅವರು ಹುಟ್ಟಿದ ಮನೆಯನ್ನು ಈಗ ಸಂಗ್ರಹಾಲಯ ಮಾಡಿದ್ದಾರೆ. ಸೂರ್ಯೋದಯ ನೋಡಲು ಬೈಕಿನಲ್ಲಿ ನಂದಿ ಬೆಟ್ಟಕ್ಕೆ ಹೋಗುವವರು ನಮ್ಮ ಕಾಲೇಜಿನಲ್ಲಿ ಬಹಳ ಜನ ಇದ್ದಾರೆ. ಬೆಟ್ಟ ಇಳಿದ ಮೇಲೆ ಮುದ್ದೇನಹಳ್ಳಿ ದೂರವಿಲ್ಲ.